ಹೊರಲಾರದ ಹೊರೆ: ಉಜ್ಜಿನಿ ಸೀಮೆಯಲ್ಲಿ ಮನೆ ಮತ್ತು ಸಾಲದ ಇತಿಹಾಸ

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ಬಳ್ಳಾರಿ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಶಿಲ್ಪವನ್ನು ಕುರಿತು ಹುಟ್ಟಿದ ಈ ಮಾತು ಆ ನಾಡಿನ ಜನಜೀವನದ ಚರಿತ್ರೆಗೂ ಒಪ್ಪುತ್ತದೆ. ಹೊರಗಿನಿಂದ ನೋಡಿದರೆ ಅಲ್ಲಿ ನೊಳಂಬರು, ಚಾಲುಕ್ಯರು, ವಿಜಯನಗರದ ಅರಸರು, ಹರಪನಹಳ್ಳಿಯ ಪಾಳೆಯಗಾರರು ಕಾಣುತ್ತಾರೆ. ಒಳಹೊಕ್ಕು ನೋಡಿದರೆ ಮನೆ, ಹೊಲ, ಎತ್ತು, ಬೀಜ ಮತ್ತು ಸಾಲದ ಲೆಕ್ಕ ಕಾಣುತ್ತದೆ. ಉಜ್ಜಿನಿಗೆ ಬಹಳ ದೂರವಲ್ಲದ ಕೋಗಳಿಯ ಪಾರ್ಶ್ವನಾಥ ಬಸದಿಯು ಈ ಸೀಮೆಯಲ್ಲಿ ಜೈನಧರ್ಮವು ಒಂದು ಕಾಲಕ್ಕೆ ಎಷ್ಟು ಬೇರೂರಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಆದುದರಿಂದ ಈ ನಾಡಿನ ಸುಖದುಃಖಗಳ ಕಥೆ ಶ್ರಾವಕ ಸಮಾಜಕ್ಕೆ ಹೊರಗಿನದಲ್ಲ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬವೇ ಅವು. ಇವುಗಳಲ್ಲಿ ಅತಿಭಾರಾರೋಪಣವೆಂದರೆ ಹೊರಲಾರದ ಹೊರೆಯನ್ನು ಹೇರುವುದು. ಎತ್ತಿನ ಬೆನ್ನಿನ ಮೇಲೆ ಮೂಟೆ ಹೇರುವ ವರ್ತಕನನ್ನು ಕುರಿತು ಈ ಮಾತನ್ನು ವಿವರಿಸುವುದು ವಾಡಿಕೆ. ಆದರೆ ಮನೆ ಕಳೆದುಕೊಂಡ ಮನುಷ್ಯನ ತಲೆಯ ಮೇಲಿರುವ ಸಾಲವೂ ಒಂದು ಹೊರೆಯೇ. ಆ ಹೊರೆಗೆ ಮೇರೆ ಎಲ್ಲಿ ಎಂಬ ಪ್ರಶ್ನೆಯನ್ನು ಉಜ್ಜಿನಿ ಸೀಮೆಯ ಒಂದೂವರೆ ಶತಮಾನದ ಚರಿತ್ರೆ ಮತ್ತೆ ಮತ್ತೆ ಎತ್ತಿದೆ.

ಧಾತು ಸಂವತ್ಸರದ ಬರ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇಲ್ಲಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಆ ಪದ್ಧತಿಯಂತೆ ಪ್ರತಿಯೊಬ್ಬ ರೈತನೂ ಸರ್ಕಾರಕ್ಕೆ ನೇರವಾಗಿ ನಗದಿನಲ್ಲಿ ಕಂದಾಯ ಕಟ್ಟಬೇಕಾಯಿತು. ಮಳೆ ಬರಲಿ ಬಿಡಲಿ, ಕಂತಿನ ದಿನ ಬಂದೇ ಬರುತ್ತಿತ್ತು. ಪೈರು ಕೈಗೆ ಬರುವ ಮುನ್ನವೇ ಹಣ ಬೇಕಾದಾಗ ರೈತನು ಸಾಹುಕಾರನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದನು. ಕಾಲಕ್ರಮದಲ್ಲಿ ಭೂಮಿಯ ಒಡೆತನ ಸ್ಥಿರಗೊಂಡಂತೆ ಅದನ್ನು ಅಡವಿಡುವುದು ಸುಲಭವಾಯಿತು. ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೂಲಕ ಅದನ್ನು ಕಳೆದುಕೊಳ್ಳುವುದೂ ಅಷ್ಟೇ ಸುಲಭವಾಯಿತು.

ಈ ಸ್ಥಿತಿಯಲ್ಲಿ 1876ರ ಮುಂಗಾರೂ ಹಿಂಗಾರೂ ಕೈಕೊಟ್ಟವು. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರವು 1878ರವರೆಗೆ ಎಳೆಯಿತು. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಕಡಿಮೆಯಾಯಿತು. ಕೆಲವರು ಹಸಿವಿಗೂ ಕಾಲರಾ ಬೇನೆಗೂ ತುತ್ತಾದರು. ಕೆಲವರು ಊರು ತೊರೆದು ಹೋದರು.

ಬರದಲ್ಲಿ ಮನೆ ಹೇಗೆ ಹೋಗುತ್ತದೆಂಬುದು ಗಮನಿಸಬೇಕಾದ ಸಂಗತಿ. ಮೊದಲು ಬೆಳ್ಳಿಬಂಗಾರ, ಬಳಿಕ ಹಿತ್ತಾಳೆ ತಾಮ್ರದ ಪಾತ್ರೆ, ಬಳಿಕ ಎತ್ತು. ಕೊನೆಗೆ ಜನರು ಮನೆಯ ಬಾಗಿಲನ್ನೂ ಛಾವಣಿಯ ಮರವನ್ನೂ ಕಿತ್ತು ಮಾರಿದರು. ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆಯು ತೊಲೆ ಜಂತೆಗಳ ಮೇಲೆ ನಿಂತದ್ದು. ತೊಲೆ ಹೋದ ಮೇಲೆ ಉಳಿಯುವುದು ನಾಲ್ಕು ಗೋಡೆ ಮಾತ್ರ, ಮುಂದಿನ ಮಳೆಗೆ ಅದೂ ಕುಸಿಯುತ್ತದೆ. ಮನೆ ಹೋಯಿತು, ಆದರೆ ಸಾಹುಕಾರನ ಖಾತೆಯಲ್ಲಿದ್ದ ಸಾಲವು ಒಂದು ದಿನವೂ ನಿಲ್ಲದೆ ಬೆಳೆಯುತ್ತಲೇ ಇತ್ತು. ಬರವು ಪ್ರಾಣಿಯನ್ನು ಕೊಲ್ಲಬಹುದು, ಪೈರನ್ನು ಒಣಗಿಸಬಹುದು, ಬಡ್ಡಿಯನ್ನು ಮಾತ್ರ ಒಣಗಿಸಲಾರದು.

ಸರ್ಕಾರದ ಕೈಯೂ ಆಗ ಬಿಗಿಯಾಗಿತ್ತು. 1877ರ ಜನವರಿಯಲ್ಲಿ ವೈಸರಾಯನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಅದರ ಮೇಲೆ ಅಲ್ಪ ಹಣವನ್ನೂ ಕೂಲಿಯಾಗಿ ಗೊತ್ತುಮಾಡಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದು ದುಡಿಯುವ ದೇಹಕ್ಕೆ ಸಾಲದೆಂದು ಬಲವಾಗಿ ವಿರೋಧಿಸಿದನು. ಕೆಲವು ತಿಂಗಳ ಬಳಿಕ ಕೂಲಿಯನ್ನು ಏರಿಸಬೇಕಾಯಿತು. ಅನ್ನಪಾನನಿರೋಧವೆಂಬ ಅತಿಚಾರವು ಲೆಕ್ಕಪತ್ರದ ರೂಪದಲ್ಲಿಯೂ ಬರಬಹುದೆಂಬುದಕ್ಕೆ ಈ ಪ್ರಸಂಗ ನಿದರ್ಶನ.

ಸಾಲವಲ್ಲ, ದಾನ

1877ರ ಆಗಸ್ಟಿನಲ್ಲಿ ಮದರಾಸಿನ ನಾಗರಿಕರು ಲಂಡನ್ನಿನ ಮೇಯರಿಗೆ ಮನವಿ ಕಳುಹಿಸಿದರು. ಅದರ ಫಲವಾಗಿ ಇಂಗ್ಲೆಂಡಿನಲ್ಲಿಯೂ ಇತರೆಡೆಗಳಲ್ಲಿಯೂ ದೊಡ್ಡ ನಿಧಿ ಕೂಡಿತು. ಪತ್ರಕರ್ತ ವಿಲಿಯಂ ಡಿಗ್ಬಿ ಇದರ ಕಾರ್ಯದರ್ಶಿಯಾಗಿದ್ದನು. ಹೊಟ್ಟೆಗೆ ಹಿಟ್ಟು ಕೊಡುವ ಕೆಲಸ ಸರ್ಕಾರದ್ದಾದ್ದರಿಂದ ಈ ನಿಧಿಯ ಬಹುಭಾಗವನ್ನು ಬೇರೊಂದು ಉದ್ದೇಶಕ್ಕೆ ಬಳಸಲಾಯಿತು. ಮಳೆ ಬಂದ ಮೇಲೆ ಊರಿಗೆ ಮರಳಿದ ರೈತನಿಗೆ ಬೀಜ, ಎತ್ತು, ಉಪಕರಣ ಮತ್ತು ಮನೆಯ ಮಾಡಿನ ದುರಸ್ತಿಗೆ ಹಣ ಕೊಡುವುದೇ ಆ ಉದ್ದೇಶ. ಅದನ್ನು ಸಾಲವಾಗಿ ಕೊಡದೆ ದಾನವಾಗಿಯೇ ಕೊಟ್ಟರು.

ಆ ಹಣ ಎಲ್ಲರಿಗೂ ಸಾಕಾಗುವಷ್ಟಿರಲಿಲ್ಲ. ಆದರೂ ಅದರ ಹಿಂದಿನ ತಿಳಿವಳಿಕೆ ದೊಡ್ಡದು. ಎಲ್ಲವನ್ನೂ ಕಳೆದುಕೊಂಡವನಿಗೆ ಮೊದಲು ಬೇಕಾದದ್ದು ಇನ್ನೊಂದು ಸಾಲವಲ್ಲ, ನಿಲ್ಲಲು ನೆಲೆ ಮತ್ತು ದುಡಿಯಲು ಸಾಧನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವೈಯಾವೃತ್ಯವನ್ನು ನಿರೂಪಿಸುವಾಗ ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕನ್ನು ಎಣಿಸುತ್ತದೆ. ಮುಖ್ಯವಾಗಿ ತಪಸ್ವಿಗಳ ಸೇವೆಯನ್ನು ಕುರಿತ ಮಾತು ಅದು. ಆದರೂ ಕರುಣಾದಾನದಲ್ಲಿ ಇದೇ ನಾಲ್ಕನ್ನು ದೀನರಿಗೂ ಸಲ್ಲಿಸಬಹುದು. ಆವಾಸವೂ ಉಪಕರಣವೂ ಆಹಾರದಷ್ಟೇ ಅಗತ್ಯವೆಂಬುದನ್ನು ಧಾತು ಸಂವತ್ಸರದ ಬರವು ಬಳ್ಳಾರಿಯಲ್ಲಿ ತೋರಿಸಿಕೊಟ್ಟಿತು.

ಸಾಲ ಕೊಟ್ಟವರ ಪಾಲು

ಇದೇ ಕಾಲದಲ್ಲಿ, ಬರಕ್ಕೆ ಒಂದು ವರ್ಷ ಮೊದಲು, ಮುಂಬಯಿ ಪ್ರಾಂತ್ಯದಲ್ಲಿ ನಡೆದ ಘಟನೆಯೊಂದನ್ನು ಮರೆಯುವಂತಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ದಂಗೆ ಅಹಮದ್‌ನಗರ ಜಿಲ್ಲೆಗೂ ಹರಡಿತು. ರೈತರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಅವನ್ನು ಕಿತ್ತುಕೊಂಡು ಬೀದಿಯಲ್ಲಿ ಸುಟ್ಟರು. ಆ ಸಾಹುಕಾರರಲ್ಲಿ ಬಹುಮಂದಿ ಮಾರವಾಡಿ ಮತ್ತು ಗುಜರಾತಿ ವರ್ತಕರು. ಅವರಲ್ಲಿ ಜೈನ ಮನೆತನಗಳೂ ಇದ್ದವು.

ಈ ಸಂಗತಿಯನ್ನು ಮರೆಮಾಚುವುದರಿಂದ ಸಮಾಜಕ್ಕೆ ಹಿತವಿಲ್ಲ. ಸಾಲ ಕೊಟ್ಟವರೆಲ್ಲರೂ ದುಷ್ಟರಾಗಿರಲಿಲ್ಲ. ಅವರ ಸಾಲವಿಲ್ಲದೆ ಬಿತ್ತನೆಯೂ ಮದುವೆಯೂ ಕಂದಾಯವೂ ನಡೆಯುತ್ತಿರಲಿಲ್ಲ. ಆದರೆ ಓದುಬಾರದ ರೈತನ ಹೆಬ್ಬೆಟ್ಟನ್ನು ಒತ್ತಿಸಿಕೊಂಡು, ಕೊಟ್ಟದ್ದಕ್ಕಿಂತ ಹೆಚ್ಚು ಬರೆದು, ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಮಾಡಿಸುವ ರೂಢಿಯೂ ಇತ್ತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬ ಎರಡು ಹೆಸರುಗಳಿವೆ. ಸುಳ್ಳು ಪತ್ರ ಬರೆಯುವುದು ಮೊದಲನೆಯದು, ನಂಬಿ ಇಟ್ಟದ್ದನ್ನು ನುಂಗುವುದು ಎರಡನೆಯದು. ವ್ಯಾಪಾರವೃತ್ತಿಯ ಶ್ರಾವಕರು ಎಲ್ಲಿ ಜಾರಬಹುದೆಂಬುದನ್ನು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರೆಂದು ಇದರಿಂದ ತಿಳಿಯುತ್ತದೆ.

ದಂಗೆಯ ವಿಚಾರಣೆಯ ಬಳಿಕ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ನ್ಯಾಯಾಧೀಶನು ಪತ್ರದ ಮೊಬಲಗನ್ನು ಮಾತ್ರ ನೋಡದೆ ವ್ಯವಹಾರದ ಮೂಲದಿಂದ ಲೆಕ್ಕ ತೆಗೆಯಬೇಕೆಂದೂ ರೈತನನ್ನು ಸಾಲಕ್ಕಾಗಿ ಸೆರೆಗೆ ಹಾಕಬಾರದೆಂದೂ ಅದು ವಿಧಿಸಿತು. ಬಳ್ಳಾರಿಯು ಮದರಾಸಿಗೆ ಸೇರಿದ್ದರಿಂದ ಈ ರಕ್ಷಣೆ ಅಲ್ಲಿಗೆ ಬರಲಿಲ್ಲ. ಅಲ್ಲಿಯ ರೈತರಿಗೆ ದೊರೆತದ್ದು 1883ರ ಭೂಸುಧಾರಣಾ ಸಾಲದ ಕಾಯಿದೆ ಮತ್ತು 1884ರ ಕೃಷಿಕರ ಸಾಲದ ಕಾಯಿದೆಗಳ ಮೂಲಕ ಸರ್ಕಾರ ಕೊಡುತ್ತಿದ್ದ ತಗಾವಿ ಸಾಲ.

ಕೂಡಿ ಹೊರುವ ದಾರಿ

1892ರಲ್ಲಿ ಮದರಾಸು ಸರ್ಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ಗ್ರಾಮೀಣ ಸಾಲವ್ಯವಸ್ಥೆಯನ್ನು ನೋಡಿಬರಲು ನೇಮಿಸಿತು. ಆತನ ಮನಸ್ಸನ್ನು ಸೆಳೆದದ್ದು ಜರ್ಮನಿಯ ರೈಫೈಸನ್ ಸಂಘಗಳು. ಅವುಗಳ ಹುಟ್ಟೂ ಬರದಲ್ಲಿಯೇ. 1846-47ರ ಚಳಿಗಾಲದ ಕ್ಷಾಮದಲ್ಲಿ ಒಂದು ಸಣ್ಣ ಊರಿನ ಮುಖ್ಯಾಧಿಕಾರಿಯಾಗಿದ್ದ ರೈಫೈಸನ್, ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿಯನ್ನು ಉದ್ದರಿಯಾಗಿ ಕೊಡುವ ಏರ್ಪಾಡು ಮಾಡಿದ್ದನು. ಬಳಿಕ ಅದೇ ವಿಚಾರವು ಊರಿನವರು ಪರಸ್ಪರ ಹೊಣೆಯಾಗುವ ಸಾಲದ ಸಂಘವಾಗಿ ಬೆಳೆಯಿತು.

1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ ತುಂಗಭದ್ರೆಯ ಆಚೆ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯಲ್ಲಿ ಅದಕ್ಕೆ ಮೊದಲ ಸ್ಥಾನವಿದೆ. ಸಾಲ ಬೇಡುವವನು ಒಂಟಿಯಾಗಿ ಸಾಹುಕಾರನ ಮುಂದೆ ತಲೆತಗ್ಗಿಸಿ ನಿಲ್ಲುವುದರ ಬದಲು ನೆರೆಹೊರೆಯವರು ಕೂಡಿ ಹೊಣೆ ಹೊರುವುದು ಇದರ ತತ್ತ್ವ. ಬಂಡಿ ಕೆಸರಿನಲ್ಲಿ ಹೂತಾಗ ಎತ್ತನ್ನು ಹೊಡೆದು ಫಲವಿಲ್ಲ, ನಾಲ್ಕು ಜನ ಗಾಲಿಗೆ ಕೈಹಾಕಬೇಕು.

1938ರ ಲೆಕ್ಕ

1929ರ ಬಳಿಕ ಪ್ರಪಂಚವನ್ನೆಲ್ಲ ವ್ಯಾಪಿಸಿದ ಆರ್ಥಿಕ ಕುಸಿತದಲ್ಲಿ ಧಾನ್ಯ ಮತ್ತು ಹತ್ತಿಯ ಬೆಲೆ ನೆಲಕಚ್ಚಿತು. ಹಿಂದೆ ಒಂದು ಚೀಲ ಜೋಳ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಈಗ ಎರಡು ಚೀಲ ಬೇಕಾಯಿತು. ಮದರಾಸು ಪ್ರಾಂತ್ಯದ ರೈತರ ಸಾಲ ಸುಮಾರು 150 ಕೋಟಿ ರೂಪಾಯಿಗಳೆಂದು 1930ರಲ್ಲಿ ಬ್ಯಾಂಕಿಂಗ್ ವಿಚಾರಣಾ ಸಮಿತಿಯು ಅಂದಾಜು ಮಾಡಿತ್ತು.

ಚಕ್ರವರ್ತಿ ರಾಜಗೋಪಾಲಾಚಾರಿಯವರ ಮಂತ್ರಿಮಂಡಲವು 1938ರಲ್ಲಿ ತಂದ ಮದರಾಸು ಕೃಷಿಕರ ಪರಿಹಾರ ಕಾಯಿದೆಯು ಬಳ್ಳಾರಿ ಜಿಲ್ಲೆಗೂ ಅನ್ವಯಿಸಿತು. 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲಗಳಲ್ಲಿ 1937ರ ಅಕ್ಟೋಬರ್ 1ರವರೆಗೆ ಉಳಿದಿದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲಿನ ಎರಡರಷ್ಟನ್ನು ಆಗಲೇ ಕಟ್ಟಿದ್ದವನ ಸಾಲ ಪೂರ್ತಿಯಾಗಿ ತೀರಿದಂತಾಯಿತು. 100 ರೂಪಾಯಿ ತಂದು, ಅಸಲು ಬಡ್ಡಿ ಸೇರಿ 200 ರೂಪಾಯಿ ಕಟ್ಟಿದ್ದವನು ಋಣಮುಕ್ತ. 150 ಕಟ್ಟಿದ್ದವನು ಇನ್ನು ಕೊಡಬೇಕಾದದ್ದು 50ನ್ನು ಮೀರುವಂತಿರಲಿಲ್ಲ. ಬಡ್ಡಿಯು ಅಸಲನ್ನು ಮೀರಬಾರದೆಂಬ ಈ ದೇಶದ ಹಳೆಯ ದಾಮದುಪ್ಪಟ್ಟಿನ ನ್ಯಾಯಕ್ಕೆ ಇದು ಹತ್ತಿರವಾದದ್ದು. ಪರಿಗ್ರಹಪರಿಮಾಣವೆಂದರೆ ಆಸೆಗೆ ಗೆರೆ ಎಳೆಯುವುದು. ಸಾಲಿಗನ ಕಷ್ಟದಿಂದ ದೊರೆಯುವ ಲಾಭಕ್ಕೂ ಅಂಥ ಗೆರೆ ಬೇಕೆಂದು ಈ ಕಾನೂನು ಅಂಕಿಗಳಲ್ಲಿ ಹೇಳಿತು.

ಮನೆಯ ವಿಷಯದಲ್ಲಿಯೂ ಕಾನೂನು ಒಂದು ಗೆರೆ ಎಳೆದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಹಣದ ಡಿಕ್ರಿಗಾಗಿ ರೈತನ ಅಥವಾ ಕೂಲಿಗಾರನ ವಾಸದ ಮನೆಯನ್ನು ಜಪ್ತಿ ಮಾಡುವಂತಿಲ್ಲ. ರೈತನ ಬೇಸಾಯದ ಉಪಕರಣ, ಅಗತ್ಯವಾದ ಎತ್ತು ಮತ್ತು ಬಿತ್ತನೆಯ ಬೀಜಕ್ಕೂ ರಕ್ಷಣೆಯುಂಟು. ಆದರೆ ತಾನಾಗಿಯೇ ಮನೆಯನ್ನು ಅಡವು ಬರೆದುಕೊಟ್ಟವನಿಗೆ ಆ ಅಡವಿನ ಸಾಲದ ಮಟ್ಟಿಗೆ ಈ ರಕ್ಷಣೆ ದೊರೆಯದು. ಕೈಸಾಲ ತೀರಿಸಲು ಮನೆಯನ್ನು ಅಡವಿಟ್ಟು ಹೊಸ ಸಾಲ ತರುವವರು ಕಾನೂನು ಕೊಟ್ಟ ಗುರಾಣಿಯನ್ನು ತಾವೇ ಕೆಳಗಿಟ್ಟಂತಾಗುತ್ತದೆ. ಕಷ್ಟಕಾಲದಲ್ಲಿ ಈ ಒಂದು ವಿವೇಕವು ಅನೇಕ ಕುಟುಂಬಗಳ ನೆಲೆಯನ್ನು ಉಳಿಸಬಲ್ಲದು.

ನೀರಿನೊಳಗೆ ಹೋದ ಊರುಗಳು

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಸುಮಾರು 378 ಚದರ ಕಿಲೋಮೀಟರ್ ಹರಡಿದ ಜಲಾಶಯದಲ್ಲಿ ಸುಮಾರು 90 ಊರುಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಹಳೆಯ ಊರು ನೀರಿನೊಳಗೆ ಹೋಗಿ ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡುಕೊಂಡರು. ಬರದಲ್ಲಿ ಮನೆ ಹೋದದ್ದು ನೀರಿಲ್ಲದೆ, ಇಲ್ಲಿ ಮನೆ ಹೋದದ್ದು ನೀರಿನಿಂದ. ಆ ನೀರಿನಿಂದಲೇ ಲಕ್ಷಾಂತರ ಎಕರೆ ಹಸುರಾಯಿತೆಂಬುದೂ ಸತ್ಯ.

1894ರ ಭೂಸ್ವಾಧೀನ ಕಾಯಿದೆಯಂತೆ ಆಸ್ತಿಯ ಮಾರುಕಟ್ಟೆಯ ಬೆಲೆಯ ಮೇಲೆ ಶೇಕಡಾ 15ರಷ್ಟು ಹೆಚ್ಚುವರಿ ಹಣ ಸಲ್ಲಬೇಕಿತ್ತು. ಆದರೆ ಪರಿಹಾರವು ಪತ್ರದಲ್ಲಿ ಹೆಸರಿದ್ದವನಿಗೆ. ಭೂಮಿ ಅಡವಾಗಿದ್ದರೆ ಸಾಲ ಕೊಟ್ಟವನಿಗೂ ಅದರಲ್ಲಿ ಹಕ್ಕು. ಸ್ವಂತ ನೆಲವಿಲ್ಲದೆ ಊರಿನ ದುಡಿಮೆಯನ್ನೇ ನಂಬಿದ ಕೂಲಿಗಾರನಿಗೆ ಆ ಕಾನೂನಿನ ಲೆಕ್ಕದಲ್ಲಿ ಏನೂ ಇರಲಿಲ್ಲ. ಮನೆಯೆಂದರೆ ಗೋಡೆ ಮಾಡುಗಳಷ್ಟೇ ಅಲ್ಲ. ಕಷ್ಟಕ್ಕೆ ಒಂದು ಸೇರು ಜೋಳ ಕಡ ಕೊಡುವ ನೆರೆಮನೆಯೂ, ಮುಖ ನೋಡಿ ಉದ್ದರಿ ಕೊಡುವ ಅಂಗಡಿಯೂ ಅದರಲ್ಲಿ ಸೇರಿವೆ. ಊರು ಚದುರಿದಾಗ ಈ ನಂಬಿಕೆಯ ಬಂಡವಾಳವೂ ಮುಳುಗುತ್ತದೆ, ಅದಕ್ಕೆ ಯಾವ ಕಾಯಿದೆಯೂ ಬೆಲೆ ಕಟ್ಟಲಿಲ್ಲ.

ಜೀತದಿಂದ ಬೀಗದವರೆಗೆ

ಸಾಲವು ಆಸ್ತಿಯಿಲ್ಲದವನ ದೇಹವನ್ನೇ ಅಡವಾಗಿ ಹಿಡಿದಾಗ ಅದಕ್ಕೆ ಜೀತವೆಂದು ಹೆಸರು. ಅಹಿಂಸಾಣುವ್ರತದ ಮೊದಲ ಅತಿಚಾರವಾದ ಬಂಧವು ಇಲ್ಲಿ ಮೈತಾಳಿತ್ತು. 1976ರ ಜೀತಪದ್ಧತಿ ರದ್ದತಿ ಕಾಯಿದೆಯು ಜೀತದ ಸಾಲವನ್ನೆಲ್ಲ ಅಳಿಸಿತು. ಜೀತದ ಅಂಗವಾಗಿ ಆಳು ವಾಸಿಸುತ್ತಿದ್ದ ಮನೆಯಿಂದ ಅವನನ್ನು ಎಬ್ಬಿಸಬಾರದೆಂದೂ ಹೇಳಿತು. ಸಾಲ ಅಳಿದರೂ ಬೀದಿಗೆ ಬಿದ್ದವನು ಮರುದಿನವೇ ಮತ್ತೆ ಸಾಲಿಗನಾಗುತ್ತಾನೆಂಬ ಅರಿವು ಈ ವಿಧಿಯಲ್ಲಿದೆ. ಅದೇ ವರ್ಷ ದೇವರಾಜ ಅರಸರ ಸರ್ಕಾರವು ಕರ್ನಾಟಕ ಋಣ ಪರಿಹಾರ ಕಾಯಿದೆಯನ್ನು ತಂದು ಸಣ್ಣ ರೈತರ, ಭೂಹೀನ ಕೂಲಿಗಾರರ ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳಿಗೆ ಮುಕ್ತಾಯ ಹಾಡಿತು.

ಆದರೂ ಸಾಲದ ರೂಪ ಬದಲಾಗುತ್ತ ಬಂದಿದೆ. 2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಿರುಸಾಲದ ಕಂತು ಕಟ್ಟಲಾರದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ವರ್ಷ ಫೆಬ್ರವರಿಯಲ್ಲಿ ವಸೂಲಿಯ ಬಲಾತ್ಕಾರವನ್ನು ತಡೆಯುವ ಸುಗ್ರೀವಾಜ್ಞೆಯನ್ನು ಸರ್ಕಾರ ಹೊರಡಿಸಬೇಕಾಯಿತು. ಒಂದೂವರೆ ಶತಮಾನದ ಹಿಂದೆ ಬಾಗಿಲನ್ನೇ ಕಿತ್ತು ಮಾರಿದ ಜನ, ಈಗ ಬಾಗಿಲಿಗೆ ಬೀಗ ಹಾಕಿ ಹೊರಟ ಜನ. ಇಬ್ಬರ ಸಂಕಟವೂ ಒಂದೇ.

ಕಚೋರಿ ಮಾರುವವನ ಉದ್ದರಿ

ಇಂಥ ಸಂಕಟವನ್ನು ತಾನೇ ಅನುಭವಿಸಿ ಮುಚ್ಚುಮರೆಯಿಲ್ಲದೆ ಬರೆದಿಟ್ಟ ಒಬ್ಬ ಶ್ರಾವಕನು ಉತ್ತರ ಭಾರತದಲ್ಲಿ ಆಗಿಹೋಗಿದ್ದಾನೆ. 1586ರಲ್ಲಿ ಜೌನ್‌ಪುರದಲ್ಲಿ ಜನಿಸಿದ ಕವಿ ಬನಾರಸೀದಾಸನೇ ಆತ. 1641ರಲ್ಲಿ ಆತ ರಚಿಸಿದ ಅರ್ಧಕಥಾನಕವು ಹಿಂದಿಯ ಮೊದಲ ಆತ್ಮಕಥೆಯೆಂದು ಪ್ರಸಿದ್ಧ. ತರುಣನಾಗಿದ್ದಾಗ ವ್ಯಾಪಾರಕ್ಕೆಂದು ಆಗ್ರಾಕ್ಕೆ ಹೋಗಿ ಬಂಡವಾಳವನ್ನೆಲ್ಲ ಕಳೆದುಕೊಂಡ ಆತ, ಮನೆಯಿಂದ ದೂರದಲ್ಲಿ ಬರಿಗೈಯಾಗಿ ಉಳಿದನು. ಸಂಜೆ ಹೊತ್ತು ಕಾವ್ಯ ಓದುತ್ತ ಹತ್ತಾರು ಜನರನ್ನು ರಂಜಿಸುತ್ತಿದ್ದನು. ಕೇಳಲು ಬರುತ್ತಿದ್ದವರಲ್ಲಿ ಕಚೋರಿ ಮಾರುವವನೊಬ್ಬನಿದ್ದನು. ಅವನಿಂದ ಉದ್ದರಿಯಾಗಿ ತಿನ್ನುತ್ತಿದ್ದ ಬನಾರಸೀದಾಸನು ಒಂದು ದಿನ ತನ್ನ ಬಳಿ ಹಣವಿಲ್ಲವೆಂಬುದನ್ನು ಬಿಚ್ಚಿ ಹೇಳಿದನು, ಇನ್ನು ಉದ್ದರಿ ಕೊಡಬೇಡವೆಂದನು. ಆ ವ್ಯಾಪಾರಿಯು ಇಪ್ಪತ್ತು ರೂಪಾಯಿಯವರೆಗೆ ಚಿಂತೆಯಿಲ್ಲದೆ ತಿನ್ನುವಂತೆ ಹೇಳಿ ತಿಂಗಳುಗಟ್ಟಲೆ ಆತನ ಹೊಟ್ಟೆ ಹೊರೆದನು. ಕೈಗೆ ಹಣ ಬಂದಾಗ ಬನಾರಸೀದಾಸನು ಲೆಕ್ಕ ಮಾಡಿ ತೀರಿಸಿದನು.

ಈ ಸಣ್ಣ ಪ್ರಸಂಗದಲ್ಲಿ ಇಬ್ಬರ ಧರ್ಮವೂ ಇದೆ. ಸಾಲಿಗನು ಸುಳ್ಳು ಹೇಳಲಿಲ್ಲ, ಓಡಿಹೋಗಲಿಲ್ಲ, ಲೆಕ್ಕವನ್ನು ಮರೆಯಲಿಲ್ಲ. ಕೊಟ್ಟವನು ಅವಮಾನಿಸಲಿಲ್ಲ, ಅವಸರಿಸಲಿಲ್ಲ. ತಾನು ತಾಳಬಲ್ಲ ಮೇರೆಯನ್ನು ಮಾತ್ರ ಮೊದಲೇ ಸ್ಪಷ್ಟವಾಗಿ ಹೇಳಿದನು.

ಮನೆ ಕಳೆದು ಸಾಲದಲ್ಲಿ ಮುಳುಗಿದ ಕುಟುಂಬಕ್ಕೆ ಚರಿತ್ರೆ ಹೇಳುವುದು ಇಷ್ಟು. ನಾಚಿಕೆಯಿಂದ ಸಾಲವನ್ನು ಮನೆಯವರಿಂದ ಮುಚ್ಚಿಡಬಾರದು. ಪ್ರತಿಯೊಂದು ಸಾಲದ ಅಸಲು ಎಷ್ಟು, ಕಟ್ಟಿದ್ದು ಎಷ್ಟು ಎಂದು ಹಾಳೆಯ ಮೇಲೆ ಬರೆಯಬೇಕು. ಹಳೆಯ ಬಡ್ಡಿ ತೀರಿಸಲು ಹೊಸ ಸಾಲ ಮಾಡಬಾರದು. ಮೊದಲು ಸೂರು, ಅನ್ನ ಮತ್ತು ದುಡಿಮೆಯ ಸಾಧನ, ಆಮೇಲೆ ಕಂತು. ಕಾನೂನಿನ ನೆರವನ್ನು ಕೇಳಲು ಸಂಕೋಚಪಡಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ನೆರೆ ಬರಗಳಲ್ಲಿ ನೊಂದವರಿಗೂ ಉಚಿತ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ಅದಕ್ಕಾಗಿ ಸಮಿತಿ ಇರುತ್ತದೆ. ಸಾಲಕ್ಕಿಂತ ಜೀವ ದೊಡ್ಡದು. ಸತ್ತವನಿಂದ ಯಾವ ಋಣವೂ ಸಲ್ಲುವುದಿಲ್ಲ, ಬದುಕಿದವನಿಗೆ ಲೆಕ್ಕ ಸರಿಪಡಿಸುವ ದಿನ ಬಂದೇ ಬರುತ್ತದೆ.

ಬಸದಿಯ ವಿಶ್ವಸ್ಥ ಮಂಡಳಿಗಳಿಗೂ ಉಳ್ಳ ಮನೆತನಗಳಿಗೂ ಅದೇ ಚರಿತ್ರೆ ಬೇರೊಂದು ಮಾತನ್ನು ಹೇಳುತ್ತದೆ. ಧರ್ಮಶಾಲೆಯ ಖಾಲಿ ಕೋಣೆಯೊಂದು ಮನೆ ಕಳೆದವರಿಗೆ ಆರು ತಿಂಗಳ ಆವಾಸವಾಗಬಲ್ಲದು. ಒಂದು ಹೊಲಿಗೆ ಯಂತ್ರ ಅಥವಾ ಒಂದು ಜೋಡಿ ಎತ್ತು ಉಪಕರಣದಾನವಾಗಬಲ್ಲದು. ಸಾಲ ಕೊಟ್ಟವರು ಅಸಲು ಮರಳಿದ ದಿನ ಪತ್ರವನ್ನು ಹರಿದು ಹಾಕಿದರೆ ಅದು ಅಭಯದಾನವೇ ಆದೀತು. ಎತ್ತಿನ ಬೆನ್ನು ಬಾಗುವುದನ್ನು ಕಂಡು ಮೂಟೆ ಇಳಿಸುವ ವರ್ತಕನು ನಷ್ಟಪಡುವುದಿಲ್ಲ. ಮುಂದಿನ ಸಂತೆಗೂ ಆ ಎತ್ತೇ ಬಂಡಿ ಎಳೆಯಬೇಕು.